ನರ್ಸ್‌ಗಳಿಗೆ ಎಚ್‌ಐವಿ ತರಬೇತಿ: ತುಮಕೂರು ಜಿಲ್ಲೆಯಲ್ಲಿ ನಡೆಸಿ ಮುಗಿಸಿದ ಮೇಲೆ ಬರೆದಿಟ್ಟದ್ದು

ತುಮಕೂರು ಜಿಲ್ಲೆಯ ತಾಲ್ಲೂಕು ಆಸ್ಪತ್ರೆಗಳು, ಸಮುದಾಯ ಆರೋಗ್ಯ ಕೇಂದ್ರಗಳು ಮತ್ತು ಒಂದಷ್ಟು ಖಾಸಗಿ ನರ್ಸಿಂಗ್ ಹೋಂಗಳ ನರ್ಸ್‌ಗಳಿಗೆ ಎಚ್‌ಐವಿ ಆರೈಕೆಯ ಎರಡು ದಿನದ ತರಬೇತಿ ಈಗಷ್ಟೇ ಮುಗಿದಿದೆ. ನರ್ಸಿಂಗ್ ಬೋಧಕರು, ಐಸಿಟಿಸಿ (ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಆಪ್ತಸಮಾಲೋಚಕರು, ಒಬ್ಬ ಲ್ಯಾಬ್ ಟೆಕ್ನಿಷಿಯನ್ ಸೇರಿ ನಡೆಸಿದ ಕೆಲಸ ಇದು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರೂ ‘ನಾವೂ ಮಾಡಬೇಕು, ಎಲ್ಲಿಂದ ಶುರು ಮಾಡೋದು?’ ಎಂದು ಕೇಳುತ್ತಿದ್ದಾರೆ. ಅವರು ಅಲೆದಾಟ ತಪ್ಪಿಸಿಕೊಳ್ಳಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿದ್ದೇವೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ವೈರಸ್ಸಿನ ಚಿತ್ರ, ಸಿಡಿ4 ಜೀವಕೋಶ, ಹರಡುವ ನಾಲ್ಕು ದಾರಿ ಎಂದು ಪಾಠ ಶುರು ಮಾಡಬೇಡಿ. ಅದನ್ನು ನರ್ಸ್‌ಗಳು ಜಿಎನ್‌ಎಂ, ಬಿಎಸ್ಸಿ ನರ್ಸಿಂಗ್ ಕೋರ್ಸಿನಲ್ಲೇ ಓದಿ ಬಂದಿದ್ದಾರೆ. ಅವರ ಮನಸ್ಸಿನಲ್ಲಿರುವ ಪ್ರಶ್ನೆ ಬೇರೆ: ‘ಮೇಡಂ, ಸೋಂಕಿತರ ಸೂಜಿ ನನಗೇ ಚುಚ್ಚಿಬಿಟ್ರೆ ಯಾರು ನೋಡ್ತಾರೆ?’ ಇದಕ್ಕೆ ಉತ್ತರ ಸಿಗುವ ತನಕ ರೋಗಿಯ ಗೌರವ, ಗೋಪ್ಯತೆ, ಕಾನೂನು ಯಾವುದೂ ಕಿವಿಯೊಳಗೆ ಇಳಿಯುವುದಿಲ್ಲ.

ಕಾಗದಪತ್ರದ ಓಡಾಟ

ಅರ್ಜಿ ಹೋಗಬೇಕಾದದ್ದು ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ. ಜಿಲ್ಲಾ ಆಸ್ಪತ್ರೆಯ ನರ್ಸ್‌ಗಳೂ ಬೇಕಿದ್ದರೆ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ ಬೇರೆ ಪತ್ರ. ಎರಡರ ಪ್ರತಿಯೂ ಡ್ಯಾಪ್ಕು ಕಚೇರಿಗೆ, ಅಂದರೆ ಜಿಲ್ಲಾ ಏಡ್ಸ್ ನಿಯಂತ್ರಣ ಘಟಕಕ್ಕೆ, ಹೋಗಲಿ. ಐಸಿಟಿಸಿ ಮತ್ತು ಎಆರ್‌ಟಿ ಕೇಂದ್ರದ (ಎಚ್‌ಐವಿ ಚಿಕಿತ್ಸೆಯ ಮಾತ್ರೆ ಕೊಡುವ ಕೇಂದ್ರ) ಸಿಬ್ಬಂದಿಯನ್ನು ಸಂಪನ್ಮೂಲ ವ್ಯಕ್ತಿಗಳಾಗಿ ಬಿಡಿಸಿಕೊಡುವವರು ಅವರೇ. ಪತ್ರದ ಜೊತೆ ಗಂಟೆವಾರು ವೇಳಾಪಟ್ಟಿ, ಪಾಠ ಮಾಡುವವರ ವಿದ್ಯಾರ್ಹತೆ ಮತ್ತು ನೋಂದಣಿ ಸಂಖ್ಯೆ, ಯಾವ ಆಸ್ಪತ್ರೆಯಿಂದ ಎಷ್ಟು ಜನ ಎಂಬ ಪಟ್ಟಿ ಇರಲಿ. ‘ಖರ್ಚು ಯಾರದು’ ಎಂಬ ಒಂದು ಸಾಲು ತಪ್ಪದೆ ಇರಲಿ. ಆ ಸಾಲು ಇಲ್ಲದ ಕಡತ ಲೆಕ್ಕಪತ್ರ ಶಾಖೆಗೆ ಹೋಗಿ ಅಲ್ಲೇ ಕೂರುತ್ತದೆ. ಯಾರೂ ತಿರಸ್ಕರಿಸುವುದಿಲ್ಲ, ಯಾರೂ ಮುಂದಕ್ಕೂ ತಳ್ಳುವುದಿಲ್ಲ.

ಅನುಮತಿ ಸಿಕ್ಕಿತೆಂದರೆ ಕೆಲಸ ಮುಗಿಯಲಿಲ್ಲ. ಓಒಡಿ ಆದೇಶ, ಅಂದರೆ ತರಬೇತಿಯ ದಿನವನ್ನೂ ಕರ್ತವ್ಯವೆಂದೇ ಎಣಿಸುವ ಆದೇಶ, ಬೇರೆಯೇ ಬರಬೇಕು. ಅದು ಆಯಾ ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗಳ ಹೆಸರಿಗೆ, ನರ್ಸ್‌ಗಳ ಹೆಸರು ಮತ್ತು ಹುದ್ದೆಯ ಸಮೇತ ಇರಬೇಕು. ‘ಇಬ್ಬರು ಶುಶ್ರೂಷಾಧಿಕಾರಿಗಳನ್ನು ಕಳುಹಿಸುವುದು’ ಎಂದು ಮೊಗಮ್ಮಾಗಿ ಬರೆದರೆ ಕೊನೆ ಗಳಿಗೆಯಲ್ಲಿ ಯಾರು ಬಿಡುವಾಗಿದ್ದಾರೋ ಅವರು ಬರುತ್ತಾರೆ; ಲೇಬರ್ ರೂಮಿನವರು ಬರುವುದೇ ಇಲ್ಲ. ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಗುತ್ತಿಗೆ ನರ್ಸ್‌ಗಳಿಗೆ ಜಿಲ್ಲಾ ಕಾರ್ಯಕ್ರಮ ನಿರ್ವಹಣಾ ಘಟಕದಿಂದ ಪತ್ರ ಹೋಗದಿದ್ದರೆ ಅವರ ಸಾಂದರ್ಭಿಕ ರಜೆ ಹೋಗುತ್ತದೆ. ಖಾಸಗಿಯವರನ್ನು ಕರೆಯಲು ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿಯಾದ ಆಸ್ಪತ್ರೆಗಳ ಪಟ್ಟಿ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲೇ ಇರುತ್ತದೆ. ಪಟ್ಟಿ ಹಿಡಿದು ಮಾಲೀಕ ವೈದ್ಯರನ್ನು ಖುದ್ದಾಗಿ ಕಂಡು ಮಾತಾಡಬೇಕು. ಅಂಚೆಯಲ್ಲಿ ಹೋದ ಪತ್ರಕ್ಕೆ ಉತ್ತರ ಬಂದದ್ದು ಕಡಿಮೆ.

ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಿಂದ ಮುಂದುವರಿದ ಶಿಕ್ಷಣದ ಕ್ರೆಡಿಟ್ ಸಿಗಬೇಕಾದರೆ ದಿನಾಂಕಕ್ಕೆ ಸಾಕಷ್ಟು ಮುಂಚೆಯೇ ಅರ್ಜಿ ಹಾಕಿ. ಕಾರ್ಯಕ್ರಮ ಮುಗಿದ ಮೇಲೆ ಕೇಳಿದರೆ ಸಿಗುವುದಿಲ್ಲ. ಕ್ರೆಡಿಟ್ ಇದೆ ಎಂದಾಗ ಖಾಸಗಿ ಆಸ್ಪತ್ರೆಗಳವರೂ ಕಳಿಸಲು ಒಪ್ಪುತ್ತಾರೆ, ಏಕೆಂದರೆ ನೋಂದಣಿ ನವೀಕರಣಕ್ಕೆ ಅದು ಅವರ ನರ್ಸ್‌ಗಳಿಗೆ ಬೇಕೇ ಬೇಕು.

ಇಡೀ ಕೆಲಸದಲ್ಲಿ ಅತಿ ಹೆಚ್ಚು ಬೇಸರ ತಂದದ್ದು ಈ ಕಾಯುವ ಘಟ್ಟ. ಆದೇಶ ಟೈಪಾಗಿದೆ, ಸಹಿಯಾಗಿಲ್ಲ, ಸಹಿಯಾಗಿದೆ, ರವಾನೆಯಾಗಿಲ್ಲ. ರವಾನೆ ಶಾಖೆಯಲ್ಲಿ ಸಂಖ್ಯೆ ಹಾಕಿಸಿಕೊಂಡು ಪ್ರತಿಯ ಫೋಟೋ ತೆಗೆದು ಆಯಾ ಆಸ್ಪತ್ರೆಯ ಶುಶ್ರೂಷಾ ಅಧೀಕ್ಷಕರಿಗೆ ವಾಟ್ಸಾಪ್ ಮಾಡಿದ್ದರಿಂದಲೇ ಡ್ಯೂಟಿ ರೋಸ್ಟರ್ ಸಮಯಕ್ಕೆ ಬದಲಾಯಿತು.

ದಿನ, ಜಾಗ, ಖರ್ಚು

ಗುರುವಾರ ಲಸಿಕಾ ದಿನ, ಇಡಬೇಡಿ. ಪ್ರತಿ ತಿಂಗಳ 9ನೇ ತಾರೀಖು ಗರ್ಭಿಣಿಯರ ತಪಾಸಣೆಯ ದಿನ, ಅದೂ ಬೇಡ. ಸೋಮವಾರ ಹೊರರೋಗಿಗಳ ನೂಕುನುಗ್ಗಲು. ತಿಂಗಳ ಕೊನೆ ವರದಿಗಳ ಒತ್ತಡ. ಉಳಿಯುವುದು ಮಂಗಳವಾರ, ಬುಧವಾರ, ಶುಕ್ರವಾರ. ಒಂದೇ ವಾರ್ಡಿನಿಂದ ಒಂದೇ ದಿನ ಇಬ್ಬರನ್ನು ಕೇಳಬೇಡಿ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ 8ಕ್ಕೆ ಕೈತೊಳೆದವರನ್ನು 10ಕ್ಕೆ ತರಬೇತಿಗೆ ಕೂರಿಸುವ ಪದ್ಧತಿ ಕೆಲವು ಕಡೆ ಇದೆ. ರೋಸ್ಟರ್ ತರಿಸಿ ನೋಡಿದರೆ ಇದು ಗೊತ್ತಾಗುತ್ತದೆ. ಅಂಥವರನ್ನು ಮುಂದಿನ ತಂಡಕ್ಕೆ ಹಾಕುವುದು ನ್ಯಾಯ.

ಎಲ್ಲರನ್ನೂ ತುಮಕೂರಿಗೇ ಕರೆಸಬೇಕೆಂಬ ಹಟ ಬೇಡ. ಪಾವಗಡದಿಂದ ಜಿಲ್ಲಾ ಕೇಂದ್ರಕ್ಕೆ ನೂರು ಕಿಲೋಮೀಟರ್ ಹತ್ತಿರ. ಬೆಳಗಿನ ಬಸ್ ಹಿಡಿದು ಬಂದವರು ಮಧ್ಯಾಹ್ನ ಮೂರಕ್ಕೇ ಗಡಿಯಾರ ನೋಡಲು ಶುರು ಮಾಡುತ್ತಾರೆ, ಅವರದೇನೂ ತಪ್ಪಿಲ್ಲ. ಪಾವಗಡ, ಮಧುಗಿರಿ, ಶಿರಾ ಕಡೆಯವರಿಗೆ ಮಧುಗಿರಿಯಲ್ಲೇ ನಡೆಸಿದ್ದು ಒಳ್ಳೆಯದಾಯಿತು. ಪಾವಗಡದ ರೋಗಿಗಳಲ್ಲಿ ತೆಲುಗು ಮಾತಾಡುವವರು ಬಹಳ. ಸಮಾಲೋಚನೆಯ ಅಭ್ಯಾಸವನ್ನು ಅಲ್ಲಿನ ನರ್ಸ್‌ಗಳು ತೆಲುಗಿನಲ್ಲೇ ಮಾಡಲಿ ಎಂದು ಬಿಟ್ಟೆವು. ಕೋಲಾರ, ಚಿಕ್ಕಬಳ್ಳಾಪುರದವರು ಇದನ್ನು ಮೊದಲೇ ಯೋಚಿಸಿಡಿ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿಗಳಲ್ಲೂ ಇದೇ ಪರಿಸ್ಥಿತಿ.

ಖರ್ಚು ದೊಡ್ಡದಲ್ಲ. ಸರ್ಕಾರಿ ಸಭಾಂಗಣ ಉಚಿತ. ತಿಂಡಿ, ಊಟ, ಎರಡು ಹೊತ್ತಿನ ಚಹಾ ಸೇರಿ ತಲೆಗೆ 200 ರೂಪಾಯಿ ಆಸುಪಾಸು. ಜೆರಾಕ್ಸ್, ಗ್ಲೌಸ್, ಸಿರಿಂಜ್, ಸೋಡಿಯಂ ಹೈಪೋಕ್ಲೋರೈಟ್ ಕ್ಯಾನ್, ಇಂಜೆಕ್ಷನ್ ಅಭ್ಯಾಸಕ್ಕೆ ಮೋಸಂಬಿ ಇವು ಸೇರಿ ಇನ್ನೊಂದಷ್ಟು. ತಂಡಕ್ಕೆ 25 ಜನಕ್ಕಿಂತ ಹೆಚ್ಚು ಬೇಡ. ಹೆಚ್ಚಾದರೆ ಕೈಯಿಂದ ಮಾಡಿಸುವ ಅಭ್ಯಾಸ ಹಿಂದಿನ ಸಾಲಿನವರಿಗೆ ಬರೀ ನೋಟವಾಗುತ್ತದೆ.

ಮೊದಲ ಪಾಠ: ಚುಚ್ಚಿದರೆ ಏನು ಮಾಡಬೇಕು

ಶುರುವಿಗೆ ಒಂದು ಬಿಳಿ ಹಾಳೆ ಕೊಟ್ಟು ಒಂದೇ ಪ್ರಶ್ನೆ ಕೇಳಿ: ರಾತ್ರಿ ಎರಡು ಗಂಟೆಗೆ ನಿಮಗೆ ಸೂಜಿ ಚುಚ್ಚಿದರೆ ನಿಮ್ಮ ಆಸ್ಪತ್ರೆಯಲ್ಲಿ ಪಿಇಪಿ ಮಾತ್ರೆ (ಚುಚ್ಚಿದ ಮೇಲೆ ಸೋಂಕು ತಗಲದಂತೆ ತಡೆಯುವ ಮಾತ್ರೆ) ಯಾವ ಬೀರುವಿನಲ್ಲಿದೆ, ಕೀಲಿ ಯಾರ ಹತ್ತಿರ, ಯಾವ ನಂಬರಿಗೆ ಫೋನ್ ಮಾಡುತ್ತೀರಿ? ಪೂರ್ತಿ ಉತ್ತರ ಬರೆದವರು ಬೆರಳೆಣಿಕೆಯಷ್ಟು. ಮಾತ್ರೆ ಇದೆ ಎಂದೇ ಗೊತ್ತಿಲ್ಲದವರೂ ಇದ್ದರು. ಒಂದು ಕಡೆ ಮಾತ್ರೆ ಔಷಧಾಲಯದಲ್ಲಿತ್ತು, ಸಂಜೆಯಾದರೆ ಕೀಲಿ ಫಾರ್ಮಸಿ ಅಧಿಕಾರಿಯ ಮನೆಗೆ ಹೋಗುತ್ತಿತ್ತು. ಇನ್ನೊಂದು ಕಡೆ ಡಬ್ಬಿಯ ಅವಧಿಯೇ ಮುಗಿದಿತ್ತು. ಹಾಳೆ ಓದಿ ಹೇಳುವಾಗ ಕೋಣೆಯಲ್ಲಿ ಸಿಟ್ಟೂ ಬಂತು, ಭಯವೂ ಬಂತು. ಆ ಸಿಟ್ಟು ಸರಿಯಾದದ್ದೇ. ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2017ರ 19ನೇ ಕಲಮಿನ ಪ್ರಕಾರ ಸಿಬ್ಬಂದಿಗೆ ಸಾರ್ವತ್ರಿಕ ಮುನ್ನೆಚ್ಚರಿಕೆಯ ಸಾಮಗ್ರಿ, ಅದರ ತರಬೇತಿ, ಪಿಇಪಿ ಮೂರನ್ನೂ ಒದಗಿಸುವುದು ಆಸ್ಪತ್ರೆಯ ಹೊಣೆ. ಈ ಕಾಯ್ದೆ ಜಾರಿಯಾದದ್ದು 2018ರ ಸೆಪ್ಟೆಂಬರ್ 10ರಂದು. ಅದು ರೋಗಿಯ ಜೊತೆಗೆ ನರ್ಸ್‌ನನ್ನೂ ಕಾಯುತ್ತದೆ ಎಂದು ಮೊದಲ ಗಂಟೆಯಲ್ಲೇ ತಿಳಿದರೆ ಮುಂದಿನ ಪಾಠಕ್ಕೆ ಮನಸ್ಸು ತೆರೆಯುತ್ತದೆ.

ಇನ್ನು ಕ್ರಮ. ಚುಚ್ಚಿದ ತಕ್ಷಣ ಆ ಜಾಗವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಬೇಕು. ಹಿಂಡಬಾರದು, ಬೆರಳನ್ನು ಬಾಯಿಗಿಟ್ಟುಕೊಳ್ಳಬಾರದು. ಸ್ಪಿರಿಟ್, ಬ್ಲೀಚ್, ಅಯೋಡಿನ್ ಹಾಕಿ ಉಜ್ಜಬಾರದು. ‘ರಕ್ತ ಹಿಂಡಿ ತೆಗೀಬೇಕು’ ಎಂಬುದು ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಇಪ್ಪತ್ತು ವರ್ಷ ಸೇವೆ ಮಾಡಿದ ಹಿರಿಯ ಸಿಸ್ಟರ್‌ಗಳೂ ಅದನ್ನೇ ಬರೆದಿದ್ದರು. ಹಿಂಡಿದರೆ ಆ ಜಾಗದ ಅಂಗಾಂಶ ಜಜ್ಜಿಹೋಗುತ್ತದೆ, ಲಾಭವೇನೂ ಇಲ್ಲ. ಕಣ್ಣಿಗೆ ಸಿಡಿದರೆ ಕುಳಿತು ತಲೆ ಹಿಂದಕ್ಕೆ ಬಾಗಿಸಿ ನೀರು ಅಥವಾ ಸಲೈನ್ ಹರಿಸಬೇಕು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೊಳೆಯುವಾಗ ಹಾಗೇ ಇರಲಿ, ಆಮೇಲೆ ತೆಗೆದು ಸ್ವಚ್ಛ ಮಾಡಬೇಕು. ಬಾಯಿಗೆ ಬಿದ್ದರೆ ಉಗಿದು ಮತ್ತೆ ಮತ್ತೆ ಮುಕ್ಕಳಿಸಬೇಕು, ಅಲ್ಲಿಗೆ ಸೋಪು ಬೇಡ.

ತೊಳೆದ ಮೇಲೆ ಇನ್‌ಚಾರ್ಜ್‌ಗೆ ತಿಳಿಸಿ ವೈದ್ಯರನ್ನು ಕಾಣಬೇಕು. ಮೊದಲ ಡೋಸ್ ಎರಡು ಗಂಟೆಯೊಳಗೆ ಆದರೆ ಬಹಳ ಒಳ್ಳೆಯದು, 72 ಗಂಟೆ ದಾಟಿದರೆ ಪಿಇಪಿಯಿಂದ ಪ್ರಯೋಜನವಿಲ್ಲ. ವಯಸ್ಕರಿಗೆ ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಸೇರಿದ ಟಿಎಲ್‌ಡಿ ಮಾತ್ರೆ, ದಿನಕ್ಕೊಂದರಂತೆ 28 ದಿನ. ರೋಗಿಯ ರಕ್ತಪರೀಕ್ಷೆಯ ವರದಿ ಬರಲಿ ಎಂದು ಕಾಯುತ್ತಾ ಕೂರಬಾರದು. ಗಾಯ ನೋಡಿ ಬೇಕೆನಿಸಿದರೆ ವೈದ್ಯರು ಮೊದಲ ಮಾತ್ರೆ ಕೊಟ್ಟುಬಿಡುತ್ತಾರೆ, ರೋಗಿಗೆ ಸೋಂಕಿಲ್ಲ ಎಂದು ಖಚಿತವಾದರೆ ನಿಲ್ಲಿಸಬಹುದು. ಚುಚ್ಚಿಸಿಕೊಂಡವರ ರಕ್ತವನ್ನು ಅಂದೇ ಪರೀಕ್ಷಿಸಿಡಬೇಕು. ಆ ಮೂಲ ವರದಿ ಇಲ್ಲದಿದ್ದರೆ ಮುಂದೆ ಸೋಂಕು ಕೆಲಸದಲ್ಲೇ ತಗುಲಿತು ಎಂದು ಹೇಳಲು ಆಧಾರವಿರುವುದಿಲ್ಲ. ಆಮೇಲೆ ಆರು ವಾರ, ಮೂರು ತಿಂಗಳು, ಆರು ತಿಂಗಳಿಗೆ ಪರೀಕ್ಷೆ. ಆ ಅವಧಿಯಲ್ಲಿ ಕಾಂಡೋಮ್ ಬಳಸಬೇಕು, ರಕ್ತದಾನ ಮಾಡಬಾರದು. ಮೊದಲ ವಾರದ ವಾಕರಿಕೆ, ತಲೆನೋವಿಗೆ ಹೆದರಿ ಮಾತ್ರೆ ಬಿಡುವವರಿದ್ದಾರೆ. ಅವರ ಜೊತೆ ಫೋನಿನಲ್ಲಾದರೂ ಮಾತಾಡಿಕೊಂಡಿರಲು ಒಬ್ಬರನ್ನು ಗೊತ್ತು ಮಾಡಿಡಿ.

ಭಯ ಕಡಿಮೆ ಮಾಡಿದ್ದು ಮೂರು ಅಂಕಿ. ಸೋಂಕಿತ ರಕ್ತವಿರುವ ಸೂಜಿ ಚುಚ್ಚಿದಾಗ ಎಚ್‌ಐವಿ ತಗಲುವ ಸಾಧ್ಯತೆ ಶೇ 0.3, ಅಂದರೆ ಸಾವಿರಕ್ಕೆ ಮೂರು. ಹೆಪಟೈಟಿಸ್ ಸಿ ಸುಮಾರು ಶೇ 3ರವರೆಗೆ. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಶೇ 30ರವರೆಗೂ. ಎಚ್‌ಐವಿಗೆ ನಡುಗುವ ಎಷ್ಟೋ ಜನ ಹೆಪಟೈಟಿಸ್ ಬಿ ಲಸಿಕೆಯ ಮೂರನೇ ಡೋಸ್ ಹಾಕಿಸಿಕೊಂಡೇ ಇರಲಿಲ್ಲ. ಸೊನ್ನೆ, ಒಂದು, ಆರು ತಿಂಗಳು ಎಂಬ ಲೆಕ್ಕವನ್ನು ಹಲಗೆಯ ಮೇಲೆ ಬರೆದು, ಲಸಿಕೆ ಬಾಕಿ ಇರುವವರ ಪಟ್ಟಿಯನ್ನು ಅಲ್ಲೇ ಮಾಡಿ ಅವರವರ ಆಸ್ಪತ್ರೆಗೆ ಕಳಿಸಿದೆವು.

ಕುಂಕುಮದ ನೀರು

ಎಲ್ಲಕ್ಕಿಂತ ಹೆಚ್ಚು ನಾಟಿದ್ದು ಗ್ಲೌಸ್ ಕಳಚುವ ಅಭ್ಯಾಸ. ಬೇಕಾದದ್ದು ಒಂದು ಬಟ್ಟಲು ನೀರಿಗೆ ಎರಡು ಚಮಚ ಕುಂಕುಮ, ಅಷ್ಟೆ. ಗ್ಲೌಸ್ ಹಾಕಿದ ಕೈಯನ್ನು ಅದರಲ್ಲಿ ಅದ್ದಿ, ಒಂದು ನಿಮಿಷ ಬಿಟ್ಟು, ವಾರ್ಡಿನಲ್ಲಿ ದಿನಾ ಕಳಚುವ ಹಾಗೆ ಕಳಚಲು ಹೇಳಿ. ನಂತರ ಕೈ ತಿರುಗಿಸಿ ನೋಡಿಕೊಳ್ಳಲಿ. ಮಣಿಕಟ್ಟಿನ ಒಳಭಾಗದಲ್ಲಿ ಒಂದು ಕೆಂಪು ಗೆರೆ, ಹೆಬ್ಬೆರಳ ಬುಡದಲ್ಲಿ ಒಂದು ಚುಕ್ಕೆ, ಏಪ್ರನ್ನಿನ ಮೇಲೆ ಸಿಡಿದ ಹನಿ. ಬೆರಳ ತುದಿ ಹಿಡಿದು ಎಳೆಯುವವರಿಗೆ ಹನಿ ಸಿಡಿಯುತ್ತದೆ. ಎರಡನೇ ಗ್ಲೌಸನ್ನು ಬರಿಬೆರಳಿನಿಂದ ಹೊರಗಿನಿಂದ ಹಿಡಿಯುವವರಿಗೆ ಹೆಬ್ಬೆರಳಿಗೆ ಬಣ್ಣ ಹತ್ತುತ್ತದೆ. ಸರಿಯಾದ ಕ್ರಮ ಹೀಗೆ: ಮೊದಲ ಗ್ಲೌಸನ್ನು ಮಣಿಕಟ್ಟಿನ ಹತ್ತಿರ ಹೊರಗಿನಿಂದ ಚಿವುಟಿ ಹಿಡಿದು ಒಳಮೈ ಹೊರಗಾಗುವಂತೆ ಕಳಚಿ, ಗ್ಲೌಸ್ ಇರುವ ಇನ್ನೊಂದು ಕೈಯ ಮುಷ್ಟಿಯಲ್ಲಿ ಇಟ್ಟುಕೊಳ್ಳಬೇಕು. ಆಮೇಲೆ ಬರಿಗೈಯ ಬೆರಳನ್ನು ಎರಡನೆಯದರ ಒಳಗೆ, ಚರ್ಮಕ್ಕೆ ತಾಗಿದಂತೆ ತೂರಿಸಿ ಮಗುಚಿದರೆ ಮೊದಲನೆಯದೂ ಅದರೊಳಗೇ ಸೇರುತ್ತದೆ. ನೇರ ಆಸ್ಪತ್ರೆ ತ್ಯಾಜ್ಯದ ಕೆಂಪು ಚೀಲಕ್ಕೆ ಹಾಕಿ ಕೈ ತೊಳೆಯುವುದು. ಮೂರನೇ ಸಲಕ್ಕೆ ಬಹುತೇಕರ ಕೈ ಸ್ವಚ್ಛವಾಗಿ ಬಂತು.

ಇದರ ಹಿಂದೆಯೇ ಒಂದು ಪ್ರಶ್ನೆ ಇಡಬೇಕು. ಎಚ್‌ಐವಿ ಇದೆ ಎಂದು ಗೊತ್ತಾದ ರೋಗಿಗೆ ಎರಡು ಜೊತೆ ಗ್ಲೌಸ್ ಹಾಕುತ್ತೀರಿ, ಪಕ್ಕದ ಹಾಸಿಗೆಯ ಅಪಘಾತದ ಕೇಸಿಗೆ ಬರಿಗೈಯಲ್ಲಿ ಕ್ಯಾನುಲಾ ಹಾಕುತ್ತೀರಿ. ಅವರ ರಕ್ತ ಪರೀಕ್ಷೆಯಾಗಿದೆಯೇ? ಚಿಕಿತ್ಸೆ ಪಡೆದು ವೈರಲ್ ಲೋಡ್ (ರಕ್ತದಲ್ಲಿನ ವೈರಸ್ಸಿನ ಪ್ರಮಾಣ) ತಗ್ಗಿದವರಿಗಿಂತ, ತನಗೆ ಸೋಂಕಿದೆ ಎಂದೇ ತಿಳಿಯದವರ ರಕ್ತದಿಂದ ಅಪಾಯ ಹೆಚ್ಚು. ಎಲ್ಲರ ರಕ್ತಕ್ಕೂ ಒಂದೇ ಮುನ್ನೆಚ್ಚರಿಕೆ ಎಂಬ ನಿಯಮ ಇಲ್ಲಿಂದ ಅರ್ಥವಾಗುತ್ತದೆ.

ಸೂಜಿಗೆ ಮತ್ತೆ ಕ್ಯಾಪ್ ಹಾಕುವ ಚಾಳಿ ಬಿಡಿಸುವುದು ಕಷ್ಟ. ಕಾರಣ ಸೋಮಾರಿತನವಲ್ಲ, ಬಳಸಿದ ಸೂಜಿ ಹಾಕುವ ಬಿಳಿ ಡಬ್ಬಿ ಇರುವುದು ನರ್ಸಿಂಗ್ ಸ್ಟೇಷನ್ನಿನಲ್ಲಿ, ರೋಗಿ ಇರುವುದು ವಾರ್ಡಿನ ಕೊನೆಯಲ್ಲಿ. ತೆರೆದ ಸೂಜಿ ಹಿಡಿದು ಅಷ್ಟು ದೂರ ನಡೆಯಲು ಯಾರಿಗೂ ಧೈರ್ಯ ಬರುವುದಿಲ್ಲ. ಆದ್ದರಿಂದ ಸೂಜಿ ಕಟ್ಟರ್ ಮತ್ತು ಚುಚ್ಚಿ ತೂರದ ಬಿಳಿ ಡಬ್ಬಿ ಇಂಜೆಕ್ಷನ್ ಟ್ರಾಲಿಯ ಮೇಲೆಯೇ ಹೋಗಬೇಕು. ಮುಕ್ಕಾಲು ತುಂಬಿದಾಗ ಮುಚ್ಚಿಬಿಡಬೇಕು, ಕೈಯಿಂದ ಒತ್ತಿ ಜಾಗ ಮಾಡಬಾರದು. ಕ್ಯಾಪ್ ಹಾಕಲೇಬೇಕಾದ ಸಂದರ್ಭ ಬಂದರೆ ಕ್ಯಾಪನ್ನು ಟ್ರೇಯಲ್ಲಿಟ್ಟು ಒಂದೇ ಕೈಯಿಂದ ಸೂಜಿಯನ್ನು ಅದರೊಳಗೆ ತೂರಿಸುವುದು. ಮೋಸಂಬಿಗೆ ಇಂಜೆಕ್ಷನ್ ಕೊಡಿಸಿ, ಸಿರಿಂಜು ಕೈ ಬಿಡುವ ತನಕ ಪಕ್ಕದವರು ನೋಡುತ್ತಾ ಇರಲಿ. ತಪ್ಪು ಸಾಮಾನ್ಯವಾಗಿ ಚುಚ್ಚಿದ ಮೇಲಿನ ಆ ಹತ್ತು ಸೆಕೆಂಡಿನಲ್ಲಿ ನಡೆಯುತ್ತದೆ.

ಹೈಪೋಕ್ಲೋರೈಟ್ ಲೆಕ್ಕ ಹಲವರಿಗೆ ತಪ್ಪುತ್ತದೆ, ಏಕೆಂದರೆ ಒಮ್ಮೆ ಶೇ 5ರ ಕ್ಯಾನ್ ಬರುತ್ತದೆ, ಒಮ್ಮೆ ಶೇ 10ರದ್ದು. ಶೇ 1ರ ದ್ರಾವಣಕ್ಕೆ ಶೇ 5ರದ್ದಾದರೆ ಒಂದು ಲೀಟರಿಗೆ ನಾಲ್ಕು ಲೀಟರ್ ನೀರು, ಶೇ 10ರದ್ದಾದರೆ ಒಂದಕ್ಕೆ ಒಂಬತ್ತು. ಕ್ಯಾನಿನ ಮೇಲಿನ ಅಂಕಿ ಓದಿ ಲೆಕ್ಕ ಹಾಕಿ. ಬಿಸಿಲು ತಾಗುವ ಕಿಟಕಿಯ ಬಳಿ ಇಟ್ಟ ಕ್ಯಾನಿನಲ್ಲಿ ಶಕ್ತಿ ಇಳಿದಿರುತ್ತದೆ. ಕಲಸಿದ್ದು ಆ ದಿನಕ್ಕೆ ಮಾತ್ರ, ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಇದನ್ನು ಸ್ವಚ್ಛತಾ ಸಿಬ್ಬಂದಿಗೂ ಕರೆದು ಹೇಳಿ. ನೆಲದ ಮೇಲೆ ರಕ್ತ ಚೆಲ್ಲಿದರೆ ಗ್ಲೌಸ್ ಹಾಕಿಕೊಂಡು ಹೀರುವ ಬಟ್ಟೆ ಅಥವಾ ಕಾಗದ ಮುಚ್ಚಿ, ಮೇಲೆ ಶೇ 1ರ ದ್ರಾವಣ ಸುರಿದು, ಕನಿಷ್ಠ 10 ನಿಮಿಷ ಬಿಟ್ಟು ಎತ್ತಬೇಕು. ಸುರಿದ ಕೂಡಲೇ ಒರೆಸಿದರೆ ರಾಸಾಯನಿಕ ಕೆಲಸ ಮಾಡುವುದಿಲ್ಲ.

ಕೇಸ್ ಶೀಟಿನ ಮೇಲಿನ ಕೆಂಪು ಗುರುತು

ಮಧ್ಯಾಹ್ನದ ಅವಧಿ ಕಾನೂನಿಗೆ. ಕಲಮುಗಳನ್ನು ಓದಿ ಹೇಳುವ ಬದಲು ವಾರ್ಡಿನಲ್ಲಿ ನಡೆಯುವುದನ್ನೇ ಮುಂದಿಡಿ. ಹಾಸಿಗೆಯ ಹಲಗೆಗೆ ಸ್ಟಿಕರ್ ಅಂಟಿಸುವುದು, ಕೇಸ್ ಶೀಟಿನ ಹೊರಗೆ ಕೆಂಪು ಇಂಕಿನಲ್ಲಿ ಬರೆಯುವುದು, ಶಿಫ್ಟ್ ಬದಲಾಗುವಾಗ ‘ಆರನೇ ಬೆಡ್ ಪಾಸಿಟಿವ್, ಹುಷಾರು’ ಎಂದು ಎಲ್ಲರಿಗೂ ಕೇಳುವಂತೆ ಹೇಳುವುದು. ಗೋಪ್ಯತೆ ಮುರಿಯುತ್ತಿರುವುದು ಇಲ್ಲಿಯೇ. ಚಿಕಿತ್ಸೆ ಕೊಡುತ್ತಿರುವವರಿಗೆ ವಿಷಯ ತಿಳಿಯಲು ಒಳಗಿನ ಟಿಪ್ಪಣಿ ಸಾಕು. ‘ಹಾಗಾದ್ರೆ ಆಯಾ, ವಾರ್ಡ್ ಬಾಯ್‌ಗೆ ಗೊತ್ತಾಗೋದು ಹೇಗೆ?’ ಎಂದು ಕೇಳಿಯೇ ಕೇಳುತ್ತಾರೆ. ಅವರಿಗೆ ಗೊತ್ತಾಗಬೇಕಾದ್ದು ಎಲ್ಲ ರಕ್ತಕ್ಕೂ ಗ್ಲೌಸ್ ಹಾಕಬೇಕೆಂಬುದು. ಬೆಳಗಿನ ಕುಂಕುಮದ ಪಾಠ ಆಗಿದ್ದರೆ ಈ ಉತ್ತರವನ್ನು ಅವರೇ ಕೊಡುತ್ತಾರೆ.

ಒಪ್ಪಿಗೆಯ ವಿಷಯದಲ್ಲಿ ಬಿಸಿಬಿಸಿ ವಾದ ನಡೆಯಿತು. ಶಸ್ತ್ರಚಿಕಿತ್ಸೆಗೆ ಮುಂಚೆ ಬೇರೆ ಪರೀಕ್ಷೆಗಳ ಜೊತೆ ಎಚ್‌ಐವಿಯನ್ನೂ, ರೋಗಿಗೆ ಹೇಳದೆಯೇ, ಮಾಡಿಸುವ ರೂಢಿ ಹಲವೆಡೆ ಇದೆ. ಕಾಯ್ದೆಯ 5ನೇ ಕಲಮು ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡಬಾರದು ಎನ್ನುತ್ತದೆ. ವರದಿಯನ್ನು ನೆಪ ಮಾಡಿ ಶಸ್ತ್ರಚಿಕಿತ್ಸೆ ನಿರಾಕರಿಸುವುದು 3ನೇ ಕಲಮಿನ ತಾರತಮ್ಯ. ‘ಡಾಕ್ಟರ್ ಬರೆದಿದ್ದಾರೆ, ನಾವು ಸ್ಯಾಂಪಲ್ ತೆಗೀದೆ ಇರೋಕಾಗುತ್ತಾ?’ ಎಂಬುದು ನರ್ಸ್‌ಗಳ ನಿಜವಾದ ಸಂಕಟ. ಅದಕ್ಕೆ ಜಗಳವಿಲ್ಲದ ದಾರಿಯೆಂದರೆ ಒಪ್ಪಿಗೆ ನಮೂನೆಯನ್ನು ಕೇಸ್ ಶೀಟಿನಲ್ಲೇ ಸೇರಿಸಿ, ಸಹಿ ಇಲ್ಲದ ಸ್ಯಾಂಪಲ್ಲನ್ನು ಲ್ಯಾಬ್ ತೆಗೆದುಕೊಳ್ಳದ ಹಾಗೆ ವ್ಯವಸ್ಥೆ ಮಾಡುವುದು. ಇಪ್ಪತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಆರೋಗ್ಯ ಸಂಸ್ಥೆಗಳಲ್ಲಿ ದೂರು ಅಧಿಕಾರಿ ಇರಲೇಬೇಕು. ಆ ಹೆಸರು ಗೋಡೆಯ ಮೇಲಿದೆಯೇ ಎಂದು ನೋಡಿಕೊಂಡು ಬರಲು ಹೇಳಿ.

ಕಿಟ್ ಪರೀಕ್ಷೆ ಬಗ್ಗೆ ಲ್ಯಾಬ್ ಟೆಕ್ನಿಷಿಯನ್ ಹೇಳಿದ ಒಂದು ಮಾತು ಎಲ್ಲರೂ ಬರೆದುಕೊಂಡರು: ಬೆರಳು ಚುಚ್ಚಿ ಮಾಡಿದ ಒಂದು ಪರೀಕ್ಷೆಯಲ್ಲಿ ಗೆರೆ ಬಂದರೆ ಅದು ರೋಗನಿರ್ಣಯವಲ್ಲ. ಐಸಿಟಿಸಿಯಲ್ಲಿ ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ಖಚಿತವಾದ ಮೇಲಷ್ಟೇ ‘ಸೋಂಕಿದೆ’ ಎನ್ನಬೇಕು. ಅಲ್ಲಿಯವರೆಗೆ ರೋಗಿಗೆ ಹೇಳಬೇಕಾದ್ದು ‘ಇನ್ನೊಂದು ಪರೀಕ್ಷೆ ಬೇಕು’ ಎಂದು ಮಾತ್ರ.

ಸೋಂಕಿನೊಂದಿಗೆ ಬದುಕುತ್ತಿರುವವರೊಬ್ಬರನ್ನು ಕರೆಸಿ ಮಾತಾಡಿಸುವುದು ಎಷ್ಟು ಪಾಠಕ್ಕಾದರೂ ಮಿಗಿಲು. ಆದರೆ ಎಚ್ಚರಿಕೆ ಬೇಕು. ನರ್ಸ್‌ಗಳು ಯಾವ ತಾಲ್ಲೂಕಿನವರೋ ಆ ತಾಲ್ಲೂಕಿನವರು ಬೇಡ. ಹೆಸರು ಹೇಳಬೇಕೋ ಬೇಡವೋ ಅವರಿಷ್ಟ. ಮೊಬೈಲುಗಳನ್ನು ಬುಟ್ಟಿಗೆ ಹಾಕಿಸಿ, ಫೋಟೋ ಬೇಡ, ಪತ್ರಿಕಾ ಹೇಳಿಕೆಯೂ ಬೇಡ. ಬಸ್ ಚಾರ್ಜು ಮತ್ತು ಆ ದಿನದ ಕೂಲಿಯಷ್ಟು ಗೌರವಧನ ಕೊಡಿ. ಬಂದವರು ಆಸ್ಪತ್ರೆಯಲ್ಲಿ ತನಗೆ ಊಟದ ತಟ್ಟೆಯನ್ನು ಕಾಲಿನಿಂದ ಸರಿಸಿದ ದಿನವನ್ನು ಹೇಳಿದಾಗ ಯಾರೂ ಮಾತಾಡಲಿಲ್ಲ. ಚಹಾಕ್ಕೆ ಬಿಟ್ಟಾಗ ಇಬ್ಬರು ಸಿಸ್ಟರ್‌ಗಳು ಅವರ ಪಕ್ಕವೇ ಕುಳಿತು ಚಹಾ ಕುಡಿದರು.

ಹೆರಿಗೆ ಕೋಣೆ, ಮಾತ್ರೆ, ಸಿರಪ್

ಎರಡನೇ ದಿನವನ್ನು ಒಂದು ವಾರ ಬಿಟ್ಟು ಇಡಿ. ಮಧ್ಯೆ ಅವರವರ ಆಸ್ಪತ್ರೆಯ ಪಿಇಪಿ ಕೀಲಿಯ ಉತ್ತರ ತರಲು ಸಮಯ ಸಿಗುತ್ತದೆ. ಆ ದಿನ ಲೇಬರ್ ರೂಮಿಗೆ ಹೆಚ್ಚು ಹೊತ್ತು ಕೊಡಿ.

ಯಾವ ತಪಾಸಣೆಯೂ ಇಲ್ಲದೆ ನೋವು ಶುರುವಾದ ಮೇಲೆ ಬಂದ ಗರ್ಭಿಣಿಗೆ ಅಲ್ಲೇ ತಿಳಿಸಿ, ಒಪ್ಪಿಸಿ ಪರೀಕ್ಷೆ ಮಾಡಬೇಕು. ಗೆರೆ ಬಂದರೆ ಖಚಿತ ವರದಿಗೆ ಕಾಯದೆ ವೈದ್ಯರ ಸೂಚನೆಯಂತೆ ಮಾತ್ರೆ ಶುರು, ಮಾರನೇ ದಿನ ಐಸಿಟಿಸಿಯಲ್ಲಿ ಖಚಿತಪಡಿಸುವುದು. ತಾಯಿಯ ಸೋಂಕು ತಗಲದಂತೆ ಮಗುವಿಗೆ ನೆವಿರಪಿನ್ ಸಿರಪ್. ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಇರುತ್ತದೆ. ಎರಡೂವರೆ ಕೆಜಿಗಿಂತ ಹೆಚ್ಚು ತೂಕದ ಮಗುವಿಗೆ ದಿನಕ್ಕೊಮ್ಮೆ 1.5 ಮಿಲಿಲೀಟರ್, ಎರಡರಿಂದ ಎರಡೂವರೆ ಕೆಜಿಗೆ 1 ಮಿಲಿಲೀಟರ್, ಎರಡು ಕೆಜಿಗಿಂತ ಕಡಿಮೆಯಿದ್ದರೆ ಕೆಜಿಗೆ 2 ಮಿಲಿಗ್ರಾಂ ಲೆಕ್ಕ. ಸಾಮಾನ್ಯವಾಗಿ ಆರು ವಾರ. ತಾಯಿ ಚಿಕಿತ್ಸೆಯೇ ಇಲ್ಲದೆ ಬಂದಿದ್ದರೆ ಅಪಾಯ ಹೆಚ್ಚು, ಆಗ ಜಿಡೊವುಡಿನ್ ಸಿರಪ್ಪೂ ಸೇರುತ್ತದೆ, ಎದೆಹಾಲು ಕುಡಿಯುತ್ತಿದ್ದರೆ 12 ವಾರ. ಮನೆಗೆ ಕಳಿಸುವ ಮುಂಚೆ ತಾಯಿ ಅಥವಾ ಅಜ್ಜಿಯ ಕೈಯಲ್ಲೇ ಸಿರಿಂಜಿನಲ್ಲಿ ಆ ಮಗುವಿನ ಡೋಸಿನ ಗೆರೆ ತನಕ ಎಳೆಸಿ ನೋಡಿ. ‘ಅರ್ಧ ಚಮಚ’ ಎಂದು ಬಾಯಲ್ಲಿ ಹೇಳಿ ಕಳಿಸಿದರೆ ಮನೆಯ ಚಮಚಕ್ಕೆ ಗೊತ್ತಾದ ಅಳತೆಯಿಲ್ಲ.

ಮೊದಲ ಆರು ತಿಂಗಳು ಎದೆಹಾಲಾದರೆ ಬರೀ ಎದೆಹಾಲು. ಜೇನು, ಹಸುವಿನ ಹಾಲು ಬೆರೆಸಿ ಕೊಡುವುದು ಬೇಡ. ಮಗುವಿನ ಪರೀಕ್ಷೆ ಆರು ವಾರಕ್ಕೆ, ಮೊದಲ ಲಸಿಕೆಗೆ ಬಂದಾಗಲೇ: ಹಿಮ್ಮಡಿ ಚುಚ್ಚಿ, ಲ್ಯಾಬಿಗೆ ಕಳಿಸುವ ಹೀರುಕಾಗದದ ಕಾರ್ಡಿನ ವೃತ್ತಗಳಿಗೆ ರಕ್ತದ ಹನಿ. ವೃತ್ತ ಹಿಂಬದಿಯವರೆಗೂ ನೆನೆಯಬೇಕು, ಹನಿಯ ಮೇಲೆ ಹನಿ ಹಾಕಬಾರದು, ಕನಿಷ್ಠ ನಾಲ್ಕು ಗಂಟೆ ಬಿಸಿಲು ತಾಗದ ಕಡೆ ಮಟ್ಟಸವಾಗಿ ಒಣಗಬೇಕು. ಸರಿಯಾಗಿ ಒಣಗದೆ ಪ್ಯಾಕ್ ಮಾಡಿದ ಕಾರ್ಡ್ ತಿರಸ್ಕೃತವಾದರೆ ತಾಯಿ ಮತ್ತೆ ಬರಬೇಕು, ಎಷ್ಟೋ ಜನ ಮತ್ತೆ ಬರುವುದೇ ಇಲ್ಲ. ಮಗುವಿಗೆ ಸೋಂಕಿದೆಯೇ ಇಲ್ಲವೇ ಎಂಬ ಕೊನೆಯ ತೀರ್ಮಾನ 18 ತಿಂಗಳಿಗೆ.

ಮಾತ್ರೆಗಳಲ್ಲಿ ವಾರ್ಡಿನವರಿಗೆ ಗೊತ್ತಿಲ್ಲದ, ಆದರೆ ಗೊತ್ತಿರಲೇಬೇಕಾದ ಸಂಗತಿ ಒಂದಿದೆ. ಡೊಲುಟೆಗ್ರಾವಿರ್ ಜೊತೆಗೇ ಕ್ಯಾಲ್ಸಿಯಂ, ಕಬ್ಬಿಣ ಅಥವಾ ಆಂಟಾಸಿಡ್ ನುಂಗಿದರೆ ಡೊಲುಟೆಗ್ರಾವಿರ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅವಕ್ಕಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ತೆಗೆದುಕೊಳ್ಳಬೇಕು. ಗರ್ಭಿಣಿಯರಿಗೆ ನಾವೇ ಕಬ್ಬಿಣ, ಕ್ಯಾಲ್ಸಿಯಂ ಕೊಡುತ್ತೇವೆ. ಮಧ್ಯಾಹ್ನ ಊಟವಾದ ಮೇಲೆ ಕಬ್ಬಿಣ, ರಾತ್ರಿ ಮಲಗುವಾಗ ಟಿಎಲ್‌ಡಿ ಎಂದರೆ ನೆನಪಿಡಲು ಸುಲಭ. ಎರಡನೇ ಕ್ಯಾಲ್ಸಿಯಂ ರಾತ್ರಿಗೆ ಬೀಳುತ್ತಿದ್ದರೆ ಎಆರ್‌ಟಿ ವೈದ್ಯರನ್ನು ಕೇಳಿ ಹೊಂದಿಸಿ. ಕ್ಷಯದ ರಿಫಾಂಪಿಸಿನ್ ನಡೆಯುತ್ತಿದ್ದರೆ ಟಿಎಲ್‌ಡಿಯಾದ 12 ಗಂಟೆಗೆ ಇನ್ನೊಂದು 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಇರಬೇಕು. ಚಾರ್ಟಿನಲ್ಲಿ ಇಲ್ಲದಿದ್ದರೆ ಕೇಳಿ. ಸೋಂಕಿತರು ಬೇರೆ ಯಾವ ಕಾಯಿಲೆಗೆ ದಾಖಲಾದರೂ ಕ್ಷಯದ ಲಕ್ಷಣಗಳಾದ ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು ನಾಲ್ಕನ್ನೂ ಕೇಳಬೇಕು. ಎಆರ್‌ಟಿ ಮಾತ್ರೆ ಮನೆಯಿಂದ ತಂದಿದ್ದಾರಾ ಎಂದೂ ಕೇಳಬೇಕು. ಕಾಲು ಮುರಿದು ದಾಖಲಾದವರ ಎಆರ್‌ಟಿ ವಾರಗಟ್ಟಲೆ ನಿಂತುಹೋಗುವುದು ಯಾರೂ ಕೇಳದ್ದರಿಂದಲೇ.

ಮುಗಿದ ಮೇಲಿನ ಕೆಲಸ

ಪ್ರಮಾಣಪತ್ರಗಳು ತಡವಾಗುತ್ತವೆ. ಹಾಜರಾತಿ ಹಾಳೆಯ ಹೆಸರಿಗೂ ನೋಂದಣಿಯ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೂ ತಕರಾರು. ಮೊದಲ ದಿನವೇ ನೋಂದಣಿ ಕಾರ್ಡಿನ ಜೆರಾಕ್ಸ್ ಪಡೆದುಕೊಳ್ಳಿ. ಪ್ರಯಾಣ ಭತ್ಯೆಗೆ ಹಾಜರಿ ದೃಢೀಕರಣ ಪತ್ರವನ್ನು ಎರಡನೇ ದಿನ ಸಂಜೆಯೇ ಸಹಿ ಮಾಡಿ ಕೈಗೆ ಕೊಟ್ಟು ಕಳಿಸಿ.

ಪಿಇಪಿ ಕೀಲಿಗೆ ಹೆಚ್ಚಿನ ಆಸ್ಪತ್ರೆಗಳಲ್ಲಿ ದಾರಿಯಾಗಿದೆ: ಮೊದಲ ಮೂರು ದಿನಕ್ಕಾಗುವಷ್ಟು ಮಾತ್ರೆ ತುರ್ತು ಚಿಕಿತ್ಸಾ ಕೋಣೆಯ ಔಷಧ ಟ್ರೇಯಲ್ಲಿ, ಉಳಿದದ್ದು ಔಷಧಾಲಯದಲ್ಲಿ. ಟ್ರೇ ಮುಚ್ಚಳದ ಮೇಲೆ ಅವಧಿ ಮುಗಿಯುವ ತಿಂಗಳು, ವೈದ್ಯರ ನಂಬರು, ಎಆರ್‌ಟಿ ಕೇಂದ್ರದ ನಂಬರು, ಸಹಾಯವಾಣಿ 1097. ಪ್ರತಿ ಪಾಳಿ ಬದಲಾವಣೆಯಲ್ಲಿ ಆಮ್ಲಜನಕದ ಸಿಲಿಂಡರ್ ನೋಡುವವರೇ ಈ ಟ್ರೇಯನ್ನೂ ನೋಡಿ ರಿಜಿಸ್ಟರಿನಲ್ಲಿ ಸಹಿ ಹಾಕುತ್ತಾರೆ. ಖಾಸಗಿ ನರ್ಸಿಂಗ್ ಹೋಂಗಳಲ್ಲಿ ಇದು ಇನ್ನೂ ಆಗಿಲ್ಲ. ಅಲ್ಲಿನ ರಾತ್ರಿ ಪಾಳಿಯ ನರ್ಸ್‌ಗಳಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯ ತುರ್ತು ಕೋಣೆಗೆ ಹೋಗಿ ಮೊದಲ ಡೋಸ್ ಕೇಳಿ ಎಂದು ಹೇಳಿದ್ದೇವೆ, ತಾಲ್ಲೂಕುವಾರು ಆ ಕೋಣೆಗಳ ಫೋನ್ ಪಟ್ಟಿಯನ್ನೂ ಕೊಟ್ಟಿದ್ದೇವೆ. ಮುಂದಿನ ಸುತ್ತು ಅವರಿಗಾಗಿಯೇ ನಡೆಯಬೇಕು. ಅದರ ಅರ್ಜಿ ಈ ವಾರ ಹೋಗಿದೆ, ‘ಖರ್ಚು ಯಾರದು’ ಎಂಬ ಸಾಲಿನ ಸಮೇತ.